ಚುಕ್ಕಾಣಿಯ ಕಳೆ

"ಭಾವ, ಇದೇನು?"

ಮೊಣಕಾಲುದ್ದ ನೀರಿನಲ್ಲಿ ನಿಂತೇ ಅವಳು ಕೇಳಿದಳು. ಕೆರೆಯಿಂದ ಕೆರೆಗೆ ಕಳೆ ಹರಡದಂತೆ ಬೆಳಿಗ್ಗೆಯಿಂದ ಅವಳು ತಪಾಸಣೆ ಮಾಡಿದ, ನೀರಿನ ಮೇಲಿಳಿಯುವ ಒಂಬತ್ತನೆಯ ವಿಮಾನ ಇದು; ಬಗ್ಗಿ ಬಗ್ಗಿ ಅವಳ ಸೊಂಟ ಬಿದ್ದುಹೋಗಿತ್ತು. ದೋಣಿಯಂಥ ಫ್ಲೋಟಿನ ಹಿಂದೆ, ಚುಕ್ಕಾಣಿಯ ತಂತಿಗೆ ಗೇಣುದ್ದದ ಹಸಿರು ಕಳೆ ಜೋತುಬಿದ್ದಿತ್ತು. 'ಕಳೆ ಇಲ್ಲ' ಎಂದು ಭಾವ ಆಗಲೇ ಫಾರಂಗೆ ಸಹಿ ಹಾಕಿದ್ದರು.

"ಯಾವುದು?" ಅಕ್ಕನ ಗಂಡ, ಇಪ್ಪತ್ತೆರಡು ವರ್ಷದಿಂದ ಪೈಲಟ್, ಬಗ್ಗಿ ನೋಡಿದರು. ಆಮೇಲೆ ನಕ್ಕರು. "ಓ, ಅದಾ! ನಿಂಗೂ ಸ್ವಲ್ಪ ಕೆಲಸ ಇರ್ಲಿ ಅಂತ ಬಿಟ್ಟಿದ್ದೆ, ನಾದಿನಿ. ಇಲ್ಲಾಂದ್ರೆ ಬಗ್ಗೋದೇ ಮರೆತುಬಿಡ್ತೀಯ."

ಅವಳಿಗೆ ನಗು ಬರಲಿಲ್ಲ. ಇಂಥದೇ ಒಂದು ಎಳೆ ಬಂದು ಈ ಕೆರೆ ಮೂರೇ ವರ್ಷಕ್ಕೆ ಕೆಟ್ಟಿತ್ತು. ಬಲೆ ಎಳೆದರೆ ಮೀನಿನ ಬದಲು ಕಳೆಯೇ ಬರುತ್ತಿತ್ತು. ವಿಮಾನ ಹೋಗಿ ಇಳಿಯಬೇಕಾದ ಮೇಲಿನ ಕೆರೆ ಇನ್ನೂ ಚೊಕ್ಕವಾಗಿತ್ತು. ಎಳೆಯನ್ನು ಕಿತ್ತು ಡಬ್ಬಿಗೆ ಹಾಕಿ ಮುಚ್ಚಳ ತಿರುಗಿಸಿದಳು.

"ಇನ್ನೊಂದಿದೆ, ನಿಮ್ಮ ಕೈ ಹತ್ರಾನೇ. ತೆಗೀರಿ."

ಭಾವ ತಂತಿಯ ಮೇಲೆ ಬೆರಳಾಡಿಸುತ್ತ ಹೋದರು. ನೋಟ ಎಲ್ಲೋ ಇತ್ತು. ಎಳೆ ಬೆರಳಿಗೆ ತಗುಲಿದಾಗಷ್ಟೇ ಕೈ ನಿಂತಿತು.

ಹೋದ ವಾರ ದಡಕ್ಕೆ ಬರಲು ಮೂರು ಸಲ ಸುತ್ತು ಹೊಡೆದು, ಗಾಳಿ ಸರಿಯಿಲ್ಲ ಎಂದಿದ್ದರು. ಅವತ್ತು ಒಂದೆಲೆಯೂ ಅಲ್ಲಾಡಿರಲಿಲ್ಲ.

"ಎಷ್ಟು ದಿನದಿಂದ ಹೀಗೆ?"

"ಹೀಗೆ ಅಂದ್ರೆ?"

"ಕಣ್ಣು."

ಕಟ್ಟೆಯ ಮೇಲೆ ಇಬ್ಬರು ನರ್ಸುಗಳು ಚೀಲ ಹಿಡಿದು ವಿಮಾನ ಹತ್ತಲು ಕಾಯುತ್ತಿದ್ದರು. ಭಾವ ದನಿ ತಗ್ಗಿಸಿದರು. "ಆ ದಾರಿ ನಂಗೆ ನಿದ್ದೆಗಣ್ಣಲ್ಲೂ ಬರುತ್ತೆ ಕಣಮ್ಮ. ನಿನ್ನ ಫಾರಂನಲ್ಲಿ ಕಳೆಗೆ ಜಾಗ ಇದೆ, ಕಣ್ಣಿಗಿಲ್ಲ. ಕಳೆ ತೆಗೆದಾಯ್ತಲ್ಲ, ಹಗ್ಗ ಬಿಚ್ಚು."

ಅವರು ಹೇಳಿದ್ದು ನಿಜವೇ. ಅಕ್ಕನ ಮನೆ ನಡೆಯುವುದೂ ಇವರೊಬ್ಬರ ದುಡಿಮೆಯಿಂದಲೇ. ಅವಳು ಫಾರಂ ತಿರುಗಿಸಿ, ಹಿಂದಿನ ಖಾಲಿ ಪುಟದಲ್ಲಿ ಭಾವನ ಕಣ್ಣಿನ ಬಗ್ಗೆ ಎರಡು ಸಾಲು ಬರೆದಳು.

"ಬಿಚ್ಚಲ್ಲ, ಭಾವ."

"ನಿಮ್ಮಕ್ಕಂಗೆ ಏನು ಹೇಳ್ತೀಯ?"

"ಸಂಜೆ ಮನೆಗೆ ಬರ್ತೀನಿ. ಬೈಲಿ."

ನರ್ಸುಗಳಲ್ಲಿ ಹಿರಿಯವಳು ಕೂಗಿ ಕೇಳಿದಳು, "ಹತ್ತೋದಾ?"

ಭಾವ ಫ್ಲೋಟಿನ ಮೇಲೆ ಕುಕ್ಕರಿಸಿ ಬೂಟಿನ ಲೇಸು ಬಿಚ್ಚತೊಡಗಿದರು. ಸಣ್ಣ ಗಾಳಿ ಎದ್ದಿತು. ವಿಮಾನ ಮೆಲ್ಲಗೆ ಮೂತಿ ತಿರುಗಿಸಿ, ಹಗ್ಗ ಬಿಗಿಯುವಷ್ಟು ದೂರ ನೀರಿನ ಕಡೆ ಸರಿಯಿತು.