ದಾಯ್ ನದಿ ದಾಟಿದ್ದು

ನಿರ್ದೇಶಕರು ಗೋಡೆಯ ಮೇಲೆ ಮೂಡಿದ್ದ ಚಿತ್ರದ ಒಂದು ಕವಲಿಗೆ ಬೆರಳಿಟ್ಟು, ಇಂಥ ಕೆಲಸ ಈ ಪಶುರೋಗ ಸಂಸ್ಥೆಯಲ್ಲಿ ಹಿಂದೆಂದೂ ಆಗಿರಲಿಲ್ಲ ಎಂದರು. ಎಲ್ಲರೂ ಕ್ವಿಯೆನ್‌ಳತ್ತ ತಿರುಗಿ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿದ್ದ ಲಿಯೂ ಕೂಡ ತಟ್ಟಿದಳು. ಎಲ್ಲರಿಗಿಂತ ಮೊದಲು ನಿಲ್ಲಿಸಿದಳು.

ಹಂದಿಗಳ ನೀಲಿ ಕಿವಿ ರೋಗದ ವೈರಸ್ಸು ಊರಿಂದ ಊರಿಗೆ ಹೇಗೆ ಹರಡಿತು, ಹೋದಲ್ಲೆಲ್ಲ ಹೇಗೆ ರೂಪ ಬದಲಿಸಿತು ಎಂಬುದನ್ನು ವಂಶವೃಕ್ಷದ ಹಾಗೆ ಬರೆದ ಚಿತ್ರ ಅದು. ಬರೆದವಳು ಕ್ವಿಯೆನ್. ಹೊರದೇಶದಲ್ಲಿ ಓದಿ ಬಂದು ಎರಡೇ ವರ್ಷವಾಗಿತ್ತು. ಆದರೆ ಅದರ ಒಂದೊಂದು ಎಲೆಯೂ ಲಿಯೂ ತಂದ ಮಾದರಿ. ಹದಿನಾಲ್ಕು ವರ್ಷದಿಂದ ಅವಳು ಹನೋಯ್‌ನಿಂದ ಸ್ಕೂಟರಿನಲ್ಲಿ ಹೋಗಿ ಹಂದಿಗೂಡುಗಳಲ್ಲಿ ಹತ್ತಿಯ ಹಗ್ಗ ಇಳಿಬಿಡುತ್ತಿದ್ದಳು. ಹಂದಿಗಳು ಜಗಿದು ಬಿಟ್ಟ ಮೇಲೆ ಜೊಲ್ಲು ಹಿಂಡಿ ಪರೀಕ್ಷೆಗೆಂದು ಸೀಸೆಗೆ ತುಂಬುತ್ತಿದ್ದಳು. ಎಷ್ಟು ಸಾಬೂನು ಹಚ್ಚಿದರೂ ಕೈಯ ವಾಸನೆ ಹೋಗುತ್ತಿರಲಿಲ್ಲ. ಕ್ವಿಯೆನ್ ಹಾದುಹೋದರೆ ಕಿತ್ತಳೆ ಸಿಪ್ಪೆಯ ಪರಿಮಳ. ಅದನ್ನೂ ಲಿಯೂ ಗಮನಿಸಿದ್ದಳು.

ದಾಯ್ ನದಿಯ ಈಚೆಗಿದ್ದ ವೈರಸ್ಸು ಆಚೆ ದಂಡೆಗೆ ಹೋದದ್ದು ವ್ಯಾಪಾರಿಗಳ ಲಾರಿಗಳಿಂದ, ಸೇತುವೆಯ ಬಳಿ ತಡೆದರೆ ಸಾಕು ಎಂದು ಕ್ವಿಯೆನ್ ವಿವರಿಸಿದಳು. ಲಾರಿಯಲ್ಲ, ದೋಣಿ ಎಂದು ಲಿಯೂಗೆ ಗೊತ್ತಿತ್ತು. ಬೀಜದ ಹಂದಿ ಸಾಕಿದ್ದ ಮುದುಕ ಖ್ವಾತ್ ಅದನ್ನು ದೋಣಿ ಹತ್ತಿಸಿಕೊಂಡು, ಹೆಣ್ಣುಹಂದಿಗಳಿಗೆ ಗಬ್ಬ ಕಟ್ಟಿಸಲು ಎರಡೂ ದಂಡೆಯ ಮನೆಗಳಿಗೆ ಹೋಗುವುದನ್ನು ಅವಳು ಎಷ್ಟೋ ಸಲ ಕಂಡಿದ್ದಳು.

ಕ್ವಿಯೆನ್ ಹಿಂದಿನ ಸಾಲಿನತ್ತ ನೋಡಿದಳು. "ಲಿಯೂ ಅಕ್ಕ, ಊರೂರು ತಿರುಗಿದವರು ನೀವು. ನಾನೇನಾದ್ರೂ ಬಿಟ್ಟಿದೀನಾ?"

"ನಂಗೇನು ಗೊತ್ತಮ್ಮ. ನಾನು ಹಗ್ಗ ಕಟ್ಟೋಳು."

ಕೆಲವರು ನಕ್ಕರು. ಇವಳದೂ ಒಂದು ಸಲ ತಪ್ಪಲಿ ಎಂದುಕೊಂಡಳು ಲಿಯೂ. ಅನೇಕ ದಿನಗಳ ಮೇಲೆ ಅವತ್ತು ಮಧ್ಯಾಹ್ನ ಊಟ ರುಚಿಸಿತು.

ಒಂದೂವರೆ ತಿಂಗಳು ಕಳೆದು ಆಚೆ ದಂಡೆಯ ನ್ಯಾನ್ ಫೋನ್ ಮಾಡಿದಳು. ಮಾದರಿಗೆ ಹೋದಾಗಲೆಲ್ಲ ಲಿಯೂಗೆ ಉಣ್ಣಲಿಕ್ಕಿಯೇ ಕಳಿಸುತ್ತಿದ್ದ ಹೆಂಗಸು. ಗಬ್ಬದ ಮೂರು ಹಂದಿಗಳೂ ದಿನ ತುಂಬುವ ಮೊದಲೇ ಕಂದು ಹಾಕಿದ್ದವು. ಕ್ವಿಯೆನ್ ತಾನೂ ಬರುತ್ತೇನೆಂದು ಸ್ಕೂಟರಿನ ಹಿಂದೆ ಕೂತಳು.

ಗೂಡಿನ ಬಾಗಿಲಲ್ಲಿ ಸತ್ತ ಮರಿಗಳ ಬುಟ್ಟಿಯಿತ್ತು, ಮೇಲೆ ಬಾಳೆಲೆ ಮುಚ್ಚಿತ್ತು. ನ್ಯಾನ್ ಅಳಲಿಲ್ಲ. ಲಾರಿಯವರಿಂದ ಒಂದು ಹುಲ್ಲುಕಡ್ಡಿಯನ್ನೂ ತರಿಸಲಿಲ್ಲ ಎಂದು ಲಿಯೂಗೆ ಹೇಳಿದಳು. "ಹೋದ ತಿಂಗಳು ಇನ್ನೊಂದು ಹೆಣ್ಣುಹಂದಿಗೆ ಅಂತ ಖ್ವಾತಣ್ಣನ ಹಂದಿ ಒಂದೇ ಕಣೆ ಬಂದು ಹೋಗಿದ್ದು. ನೀನು ಬೇಡ ಅಂದಿದ್ರೆ ಅದನ್ನೂ ಕರೆಸ್ತಿರಲಿಲ್ಲ. ನಿನ್ನ ಮಾತು ಯಾವತ್ತು ಮೀರಿದೀನಿ ನಾನು?"

ಕ್ವಿಯೆನ್ ಯಾವ ಹಂದಿ, ಎಲ್ಲಿಂದ ಬರುತ್ತದೆ ಎಂದೆಲ್ಲ ಕೇಳಿದಳು. ನ್ಯಾನ್ ದೋಣಿಯ ವಿಷಯ ಹೇಳಿದಳು. ಹೊರಗೆ ಬಂದು ಇಬ್ಬರೂ ಬೂಟುಗಳನ್ನು ಸುಣ್ಣದ ನೀರಿನಲ್ಲಿ ಅದ್ದಿದರು.

"ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಅವತ್ತು ಅಷ್ಟು ಜನರ ಮುಂದೆ ಕೇಳಿದೆನಲ್ಲ. ಯಾಕಕ್ಕ?"

"ಆ ಗೋಡೆ ಮೇಲೆ ನನ್ನ ಹೆಸರು ಎಲ್ಲೂ ಇರಲಿಲ್ಲ," ಎಂದಳು ಲಿಯೂ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಅದೊಂದೇ ಅಲ್ಲ. ನೀನು ಸೋಲೋದು ನೋಡ್ಬೇಕಿತ್ತು ನಂಗೆ."

ಕ್ವಿಯೆನ್ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು, ಮುದುಕನ ಮನೆ ಎಲ್ಲಿ ಎಂದಷ್ಟೇ ಕೇಳಿದಳು. ರೋಗ ಹೊತ್ತ ಹಂದಿಯನ್ನು ಕೊಲ್ಲಲೇಬೇಕೆಂದು ಇಬ್ಬರಿಗೂ ಗೊತ್ತಿತ್ತು.

ಖ್ವಾತ್ ನದಿಯ ದಂಡೆಯಲ್ಲಿ ಹಂದಿಯ ಮೈ ತೊಳೆಯುತ್ತಿದ್ದ. ಕಿವಿಯ ಒಳಗನ್ನು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸುತ್ತಿದ್ದ. ಇವರನ್ನು ಕಂಡು ಚಾಪೆ ಹಾಸಿ, ಹಸಿರು ಚಹಾ ಬಗ್ಗಿಸಿ, ಮೊದಲ ಬಟ್ಟಲನ್ನು ಎರಡೂ ಕೈಯಲ್ಲಿ ಕ್ವಿಯೆನ್‌ಗೆ ನೀಡಿದ. "ತಗೊಳ್ಳಿ ಡಾಕ್ಟರಮ್ಮ."

ಈ ಹೊತ್ತಿನಲ್ಲೂ ಲಿಯೂಳ ಕಣ್ಣು ಆ ಬಟ್ಟಲಿನ ಹಿಂದೆಯೇ ಹೋಯಿತು. ಕ್ವಿಯೆನ್ ಅದನ್ನು ಕುಡಿಯದೆ ಹಿಡಿದುಕೊಂಡು, ಲಿಯೂ ತಾನೇ ಹೇಳಲಿ ಎಂದು ಕಾದಳು.

"ಅಣ್ಣ, ನಿನ್ನ ಹಂದಿಯದೇ ಒಂದು ವಿಷಯ ಹೇಳ್ಬೇಕು," ಎಂದಳು ಲಿಯೂ.

"ಹೇಳು ತಂಗಿ."

ಮುದುಕನ ಕೈ ಹಂದಿಯ ಒದ್ದೆ ಬೆನ್ನಿನ ಮೇಲೇ ಇತ್ತು. ಹಂದಿ ಅವನ ಮೊಣಕಾಲಿಗೆ ಭಾರ ಬಿಟ್ಟು ಕಣ್ಣು ಮುಚ್ಚಿತು.