ಪುಕ್ಕಲ ಮತ್ತು ಎಂಟು ಡಬ್ಬಿಗಳು

ಪರೀಕ್ಷೆಗೆ ಇನ್ನೆರಡೇ ದಿನವಿತ್ತು. ಮೈದಾನದ ಬೇಲಿಯಾಚೆ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದ ಅಪ್ಪ ಒಂದೇ ಮಾತಿನಲ್ಲಿ ನನ್ನ ಏಳು ತಿಂಗಳ ಕೆಲಸವನ್ನು ನೀರುಪಾಲು ಮಾಡಿದ.

"ಅಲ್ಲ ಕಣೆ, ಆ ಡಬ್ಬಿ ಹತ್ರ ಬಂದಾಗೆಲ್ಲ ನೀನ್ಯಾಕೆ ಉಸಿರು ಬಿಗಿ ಹಿಡೀತೀಯ?"

"ಯಾವ ಡಬ್ಬಿ?"

"ಹಿಕ್ಕೆ ಇರೋ ಡಬ್ಬಿ. ನಿನ್ನ ಭುಜ ಮೇಲಕ್ಕೆ ಹೋಗಿ ಅಲ್ಲೇ ನಿಂತ್ಕೊಳ್ಳುತ್ತೆ. ಆಮೇಲೇ ನಾಯಿ ಕೂರೋದು."

ಅಪ್ಪ ನಲವತ್ತು ವರ್ಷ ಪಂಚರ್ ಅಂಗಡಿ ನಡೆಸಿದವನು. ಟ್ಯೂಬಿನ ಗಾಳಿ ಎಲ್ಲಿ ಸೋರುತ್ತಿದೆ ಎಂದು ಕಿವಿಯಲ್ಲೇ ಪತ್ತೆ ಹಚ್ಚುತ್ತಿದ್ದ. ಮೇಲಾಗಿ ಉಬ್ಬಸ ಬೇರೆ. ಉಸಿರಿನ ವಿಷಯದಲ್ಲಿ ಅವನ ಕಣ್ಣು ತಪ್ಪಿಸುವುದು ಯಾರಿಂದಲೂ ಆಗದು. ನಾಯಿಯ ಕೂದಲು ಮೂಗಿಗೆ ಹೋದರೆ ಎದೆ ಕಟ್ಟುತ್ತದೆ, ಅದಕ್ಕೇ ಬೇಲಿಯಾಚೆಯ ಕುರ್ಚಿ. ಆದರೂ ದಿನಾ ಬುತ್ತಿ ಹಿಡಿದು ಬರುತ್ತಾನೆ. ಮಗಳು ಏನು ಕಡಿದು ಕಟ್ಟೆ ಹಾಕುತ್ತಿದ್ದಾಳೆ ಎಂದು ನೋಡಬೇಕಂತೆ.

ನಾನು ಮಾಡುವುದು ನಾಯಿಗಳಿಗೆ ವಾಸನೆ ಕಲಿಸುವ ಕೆಲಸ. ನದಿಯಲ್ಲಿ ನೀರುನಾಯಿಗಳು ಎಷ್ಟು ಉಳಿದಿವೆ ಎಂದು ಗಣತಿ ಮಾಡುವವರ ಕಣ್ಣಿಗೆ ನೀರುನಾಯಿ ಬೀಳುವುದೇ ಅಪರೂಪ. ಅದರ ಹಿಕ್ಕೆ ಸಿಕ್ಕರೆ ಲೆಕ್ಕ ಹಾಕುತ್ತಾರೆ. ಕಲ್ಲುಸಂದಿಯಲ್ಲಿ ಬಿದ್ದ ಹಿಕ್ಕೆಯನ್ನು ನಾಯಿಯೇ ಮೂಸಿ ಹುಡುಕಿ, ಪಕ್ಕದಲ್ಲಿ ಕೂತು ತೋರಿಸಬೇಕು. ಕಲಿಸುವಾಗ ಮುಚ್ಚಳದಲ್ಲಿ ತೂತುಗಳಿರುವ ಎಂಟು ಸ್ಟೀಲ್ ಡಬ್ಬಿಗಳನ್ನು ಸಾಲಾಗಿ ಇಟ್ಟು, ಒಂದರಲ್ಲಿ ಮಾತ್ರ ಹಿಕ್ಕೆ ಹಾಕುತ್ತೇವೆ. ಸರಿಯಾದ ಡಬ್ಬಿಯ ಮುಂದೆ ಕೂತರೆ ಚೆಂಡು ಸಿಗುತ್ತದೆ.

ನನ್ನ ನಾಯಿಯ ಹೆಸರು ಪುಕ್ಕಲ. ಅದು ಮೊದಲಿದ್ದ ನಾಯಿಗಳ ಆಶ್ರಯದವರು ಇಟ್ಟ ಹೆಸರು. ಯಾರನ್ನು ಕಂಡರೂ ಬಕೆಟ್ಟಿನ ಹಿಂದೆ ಅಡಗುತ್ತಿತ್ತಂತೆ. ಎರಡು ಮನೆಯವರು ಸಾಕುತ್ತೇವೆಂದು ಕರೆದೊಯ್ದು ವಾಪಸು ತಂದು ಬಿಟ್ಟಿದ್ದರು. ಮೂರನೆಯ ಸಲ ವಾಪಸು ಬಂದ ನಾಯಿಗೆ ಅಲ್ಲಿ ಒಂದು ಸೂಜಿ ಚುಚ್ಚಿ ಕಥೆ ಮುಗಿಸುತ್ತಾರೆ. ಪರೀಕ್ಷೆಯಲ್ಲಿ ನಪಾಸಾದ ನಾಯಿಯನ್ನು ನಮ್ಮ ಕೇಂದ್ರ ಒಂದು ದಿನವೂ ಇಟ್ಟುಕೊಳ್ಳದೆ ಆಶ್ರಯಕ್ಕೇ ವಾಪಸು ಕಳಿಸುತ್ತದೆ. ನಾನೇ ಮನೆಗೆ ಒಯ್ಯೋಣವೆಂದರೆ ಇರುವುದು ಒಂದೂವರೆ ಕೋಣೆ, ಅದರಲ್ಲಿ ಅಪ್ಪನ ಎದೆ.

"ನಿಂಗೆ ಬೇರೆ ಕೆಲಸ ಇಲ್ಲ ಅಪ್ಪಾ," ಎಂದು ಗದರಿದೆ. ಆದರೂ ತೊಳೆದಿಟ್ಟ ಎಂಟು ಖಾಲಿ ಡಬ್ಬಿಗಳನ್ನು ತಂದು ಸಾಲಾಗಿ ಇಟ್ಟೆ. ಯಾವುದರಲ್ಲೂ ಏನೂ ಇರಲಿಲ್ಲ. ಪುಕ್ಕಲನನ್ನು ಪಕ್ಕದಲ್ಲಿ ನಡೆಸಿಕೊಂಡು ಹೊರಟೆ. ಒಂದು, ಎರಡು, ಮೂರು. ನಾಲ್ಕನೆಯದರ ಹತ್ತಿರ ಬೇಕೆಂದೇ ಉಸಿರು ಹಿಡಿದೆ.

ಪುಕ್ಕಲ ಕೂತಿತು. ಖಾಲಿ ಡಬ್ಬಿಯ ಮುಂದೆ, ಬಾಲದಿಂದ ನೆಲದ ಧೂಳು ಗುಡಿಸುತ್ತಾ, ನನ್ನ ಮುಖ ನೋಡಿ ಚೆಂಡು ಕೇಳಿತು.

ನಾನು ಹದಿನೈದು ನಾಯಿಗಳನ್ನು ತಯಾರು ಮಾಡಿದವಳು. ಡಬ್ಬಿ ಇಡುವವರು ಬೇರೆ, ನಾಯಿ ನಡೆಸುವವರು ಬೇರೆ ಇರಬೇಕು ಎನ್ನುವುದು ಈ ಕೆಲಸದ ಮೊದಲ ಪಾಠ. ಎರಡು ತಿಂಗಳ ಹಿಂದೆ ನನ್ನ ಸಹಾಯಕಿ ಕೆಲಸ ಬಿಟ್ಟ ಮೇಲೆ, ಅಯ್ಯೋ ಏನಾಗುತ್ತದೆ ಎಂದು ಡಬ್ಬಿಗಳನ್ನು ನಾನೇ ಇಡುತ್ತಿದ್ದೆ. ಹಿಕ್ಕೆ ಎಲ್ಲಿದೆ ಎಂದು ನನಗೆ ಗೊತ್ತು, ನನಗೆ ಗೊತ್ತು ಎನ್ನುವುದು ಪುಕ್ಕಲನಿಗೆ ಗೊತ್ತು. ಅದು ಎರಡು ತಿಂಗಳಿಂದ ನೀರುನಾಯಿಯನ್ನು ಬಿಟ್ಟು ನನ್ನನ್ನೇ ಓದುತ್ತಿತ್ತು.

"ಈಗೇನು ಮಾಡ್ಲಿ ಅಪ್ಪಾ? ಸಾಯಿಸಿಬಿಡ್ತಾರೆ ಅದನ್ನ."

"ಅಳೋದು ಆಮೇಲೆ ಅಳು. ನಾಯಿನ ಗೂಡಿಗೆ ಹಾಕು, ಡಬ್ಬಿ ನಾನಿಡ್ತೀನಿ. ನೀನು ಈ ಕಡೆ ತಿರುಗಿ ನಿಂತ್ಕೋ. ಬೆನ್ನಲ್ಲಿ ಏನು ಓದುತ್ತೆ, ನೋಡೋಣ."

ಮೂಗಿಗೆ ಟವೆಲ್ ಕಟ್ಟಿಕೊಂಡು ಅಪ್ಪ ಬೇಲಿಯೊಳಗೆ ಬಂದ. ಅವನು ಡಬ್ಬಿ ಇಟ್ಟು ಆಚೆ ಹೋದ ಮೇಲೆ ಪುಕ್ಕಲನಿಗೆ ಹತ್ತು ಮೀಟರಿನ ಹಗ್ಗ ಕಟ್ಟಿ ಬಿಡುತ್ತಿದ್ದೆ. ನಾನು ಸಾಲಿಗೆ ಬೆನ್ನು ಹಾಕಿ ನಿಂತಿರುತ್ತಿದ್ದೆ. ಹಗ್ಗ ಮಾತ್ರ ಕೈಯಲ್ಲಿ. ಹತ್ತು ಎಣಿಸುವವರೆಗೂ ಹಗ್ಗ ಅಲುಗಾಡದಿದ್ದರೆ ಕೂತಿದೆ ಎಂದು ಅರ್ಥ. ಮೊದಲ ದಿನವೆಲ್ಲ ಅದು ಸುತ್ತಿ ಬಂದು ನನ್ನ ಮುಖ ಹುಡುಕಿತು. ನಾನು ತಿರುಗಿದರೆ ಅದೂ ತಿರುಗಿತು. ಎರಡನೆಯ ದಿನ ಹತ್ತರಲ್ಲಿ ಆರು ಸಲ ಸರಿಯಾಗಿ ಕೂತಿತು. ಪರೀಕ್ಷೆಯಲ್ಲಿ ಮೂರು ಸಾಲು, ಪಾಸಾಗಲು ಮೂರಕ್ಕೆ ಮೂರೂ ಸರಿಯಾಗಬೇಕು. ಯಾವುದಾದರೂ ಸಾಲು ಪೂರಾ ಖಾಲಿಯೂ ಇರಬಹುದು, ಆಗ ನಾಯಿ ಎಲ್ಲೂ ಕೂರಬಾರದು.

ಪರೀಕ್ಷಕಿ ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ ಬಂದರು. ಗಿಡ್ಡನೆಯ ಹೆಂಗಸು, ಕಂಕುಳಲ್ಲಿ ಪುಸ್ತಕ, ನಗುವಿನ ಸುಳಿವಿಲ್ಲ. ನಾನು ಹಗ್ಗ ಹಿಡಿದು ಕೇಳಿದೆ: "ಮೇಡಂ, ನಾನು ಬೆನ್ನು ಹಾಕಿ ನಿಂತ್ಕೋಬಹುದಾ?"

"ಯಾಕೆ?"

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಭಯಕ್ಕೆ ನನ್ನ ಬಾಯಿಂದ ನಿಜವೇ ಬಂತು. "ಎರಡು ತಿಂಗಳು ಡಬ್ಬಿ ನಾನೇ ಇಟ್ಟೆ. ಹಿಕ್ಕೆ ಇರೋ ಕಡೆ ನಾನು ಉಸಿರು ಹಿಡಿದ್ರೆ ಇದು ಕೂರುತ್ತೆ. ತಪ್ಪು ನನ್ನದು, ನಾಯೀದಲ್ಲ."

ಅವರು ಪುಸ್ತಕ ತೆರೆದು ಏನೋ ಬರೆದುಕೊಂಡರು.

"ಬೆನ್ನು ಹಾಕಬಾರದು ಅಂತ ನಿಯಮ ಇಲ್ಲ. ಶುರು ಮಾಡಿ."

ಮೊದಲ ಸಾಲು. ಹಗ್ಗ ಬೆರಳುಗಳ ನಡುವೆ ಜಾರಿತು, ನಿಂತಿತು. ಹತ್ತು ಎಣಿಸಿ ಕೈ ಎತ್ತಿದೆ. "ಸರಿ," ಎಂದರು. ಎರಡನೆಯ ಸಾಲಿನಲ್ಲಿ ಹಗ್ಗ ಬಹಳ ದೂರ ಹೋಗಿ ನಿಂತಿತು. ಕೈ ಎತ್ತಿದೆ. "ಸರಿ."

ಮೂರನೆಯ ಸಾಲಿಗೆ ಡಬ್ಬಿಗಳನ್ನು ಜೋಡಿಸಲು ಅವರು ವಿಪರೀತ ಹೊತ್ತು ತೆಗೆದುಕೊಂಡರು. ಪುಕ್ಕಲನನ್ನು ಬಿಟ್ಟೆ. ಹಗ್ಗ ಸ್ವಲ್ಪ ಜಾರಿ, ಸಾಲಿನ ನಡುಮಧ್ಯ ಎಲ್ಲೋ ನಿಂತಿತು. ಒಂದು, ಎರಡು, ಮೂರು ಎಂದು ಎಣಿಸತೊಡಗಿದೆ. ಏಳು ಎನ್ನುವಾಗ ಕೈ ತಾನಾಗಿಯೇ ಮೇಲೇಳತೊಡಗಿತ್ತು. ಅಷ್ಟರಲ್ಲಿ ಹಗ್ಗ ಅಲುಗಿತು. ಮುಂದೆ ಹೋಯಿತು. ಸಾಲಿನ ಕೊನೆ ಮುಟ್ಟಿತು, ಸಡಿಲವಾಯಿತು. ಸ್ವಲ್ಪ ಹೊತ್ತಿಗೆ ಒದ್ದೆ ಮೂಗೊಂದು ನನ್ನ ಅಂಗೈಗೆ ತಾಗಿತು.

ಎಲ್ಲೂ ಕೂರದೆ ಬಂದುಬಿಟ್ಟಿತ್ತು. ಹಿಕ್ಕೆ ಇದ್ದೂ ತಪ್ಪಿಸಿತೇ? ಆ ಏಳು ಎಣಿಕೆಯ ಡಬ್ಬಿಯಲ್ಲೇ ಇತ್ತೇ? ಇನ್ನೊಂದು ಸುತ್ತು ಕಳಿಸಲೇ? ಆಶ್ರಯದ ಆ ಸೂಜಿ ಕಣ್ಣ ಮುಂದೆ ಬಂತು.

"ಹೇಳಿ," ಎಂದರು ಪರೀಕ್ಷಕಿ.

"ಇಲ್ಲ. ಯಾವುದರಲ್ಲೂ ಇಲ್ಲ."

"ಖಂಡಿತಾನಾ?"

"ನಂಗೊತ್ತಿಲ್ಲ ಮೇಡಂ. ನಾಯಿ ಇಲ್ಲ ಅಂತಿದೆ."

ಅವರು ಬಂದು ನನ್ನೆದುರು ನಿಂತರು. "ಎಲ್ಲಾ ಖಾಲಿ ಡಬ್ಬಿಗಳೇ. ನಾಲ್ಕನೇದರ ಪಕ್ಕ ನಾನು ಉಸಿರು ಹಿಡ್ಕೊಂಡು ನಿಂತಿದ್ದೆ. ನನ್ನ ಮುಖ ನೋಡ್ತು, ಇನ್ನೇನು ಕೂತೇಬಿಡುತ್ತೆ ಅಂದ್ಕೊಂಡೆ. ಮತ್ತೆ ಡಬ್ಬಿ ಮೂಸಿ, ಮುಂದೆ ಹೋಯ್ತು. ಪಾಸು." ಅಷ್ಟು ಹೇಳಿ, ಮುದ್ರೆ ಒತ್ತಲು ಮೇಜಿನ ಕಡೆ ಹೊರಟರು.

ಸಂತೋಷಪಡಲು ನನಗೆ ಧೈರ್ಯ ಬರಲಿಲ್ಲ. ಅವರು ಆ ಕಾಗದದ ಮೇಲೆ ಮುದ್ರೆ ಒತ್ತುವವರೆಗೂ ನಂಬಬಾರದು ಎಂದು ಅವರ ಕೈಯನ್ನೇ ನೋಡುತ್ತ ನಿಂತೆ.

ಬೇಲಿಯಾಚೆಯಿಂದ ಅಪ್ಪನ ಪಿಸುದನಿ ಬಂತು. "ಏಯ್, ಕೆಳಗೆ ನೋಡೇ."

ನೋಡಿದೆ. ಡಬ್ಬಿಯಿಲ್ಲದ, ಏನೂ ಇಲ್ಲದ ಬರಿನೆಲದಲ್ಲಿ, ನನ್ನ ಕಾಲ ಬುಡದಲ್ಲಿ ಪುಕ್ಕಲ ನೆಟ್ಟಗೆ ಕೂತಿತ್ತು. ಬಾಲ ಧೂಳು ಗುಡಿಸುತ್ತಿತ್ತು, ಕಣ್ಣು ನನ್ನ ಮುಖದ ಮೇಲಿತ್ತು.

"ಅವರು ತಿರುಗೋದ್ರೊಳಗೆ ಉಸಿರು ಬಿಡು ಮಗಳೇ," ಎಂದ ಅಪ್ಪ.

ಬಿಟ್ಟೆ. ಪುಕ್ಕಲ ಎದ್ದು ನಿಂತಿತು.