ಟೊಮೇಟೊಗೆ ಬಂದ ಮೈಲಿಗೆ

ಅರಳಗುಪ್ಪೆಯ ಮನೆಯ ಹಿತ್ತಲಲ್ಲಿ, ತೆಂಗಿನ ಸಾಲಿನ ಅಂಚಿಗೆ ಜೀವಿತಾ ಬೀಜ ಚೆಲ್ಲಿ ಬೆಳೆಸಿದ ಟೊಮೇಟೊ ಗಿಡಗಳು ಕಾಯಿ ಕಚ್ಚಿ ಜೋತುಬಿದ್ದಿದ್ದವು. ಕೆಂಪಾಗುವ ಹೊತ್ತಿಗೆ ನೋಡಿದರೆ, ಒಂದೊಂದು ಕಾಯಿಯ ತಳವೂ ಸೀದ ರೊಟ್ಟಿಯ ಹಾಗೆ ಕಪ್ಪು!

ಅತ್ತೆ ಸುವರ್ಣಮ್ಮ ಒಂದು ಕಾಯಿ ತಿರುವಿ ನೋಡಿ ತೀರ್ಪು ಕೊಟ್ಟೇಬಿಟ್ಟರು. “ಹೊರಗಾದಾಗ ಗಿಡ ಮುಟ್ಟಿದೀಯ ಕಣೇ ನೀನು. ಇನ್ಮೇಲೆ ಹಿತ್ಲು ಕಡೆ ತಲೆ ಹಾಕ್ಬೇಡ ಬುಡು.”

“ಆ ದಿನಗಳಲ್ಲಿ ಹಿತ್ಲು ಬಾಗ್ಲೇ ದಾಟಿಲ್ಲ ಅತ್ತೆ!”

“ನೆರಳು ಬಿದ್ದಿರ್ತದೆ.”

ಜೀವಿತಾಳ ಮೈ ಉರಿದುಹೋಯಿತು. ಅತ್ತೆಯ ಕೊರಳಲ್ಲಿ ಲಿಂಗ, ಬಾಯಲ್ಲಿ ‘ನಮಗೆ ಸೂತಕವಿಲ್ಲ’ ಎಂಬ ಜಂಬ. ಹಿತ್ತಲಿಗೆ ಬಂದರೆ ಮಾತ್ರ ಹೆಣ್ಣಿನ ನೆರಳಿಗೂ ಮೈಲಿಗೆ! ತಾನು ಬೆಳೆಸಿದ ಗಿಡದಿಂದ ತನಗೇ ಗಡೀಪಾರೇ? ಬೆಳಗ್ಗೆ ರಂಗೋಲಿ ಹಾಕುವಾಗ ಕಂಡದ್ದು ತಟ್ಟನೆ ನೆನಪಾಯಿತು. ಅತ್ತೆಯ ಕೈಹಿಡಿದು ಅಂಗಳಕ್ಕೆ ಎಳೆದೊಯ್ದಳು. ಅಲ್ಲಿ ಮಾವ ಶಂಭುಲಿಂಗಯ್ಯನವರ ಒಂಟಿ ಟೊಮೇಟೊ ಗಿಡವಿತ್ತು. ಅದನ್ನವರು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

“ಇದನ್ನ ತಿರುಗ್ಸಿ ನೋಡಿ.”

ತಳ ಕಪ್ಪು. ಇನ್ನೊಂದು? ಅದೂ ಕಪ್ಪು.

ಸುವರ್ಣಮ್ಮ ಜಗಲಿಯತ್ತ ತಿರುಗಿದರು. “ಏನ್ರೀ, ನೀವ್ಯಾವಾಗ ಹೊರಗಾಗಿದ್ರಿ?”

ಎಲೆಗೆ ಸುಣ್ಣ ಹಚ್ಚುತ್ತಿದ್ದ ಮಾವನ ಬೆರಳು ಅಲ್ಲೇ ನಿಂತಿತು. “ನಾನೆಲ್ಲಿ ಹೊರಗೋದ್ನೇ? ಬೆಳಗ್ಗಿಂದ ಇಲ್ಲೇ ಕುಂತಿದೀನಲ್ಲ!”

ಅತ್ತೆ ಸೊಸೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಇದಕ್ಕೆ ನೀರು ಹೆಂಗೆ ಹುಯ್ತೀರಿ ಮಾವ?”

“ಮರ್ತರೆ ವಾರ ಮರೀತೀನಿ. ಗ್ಯಾಪಕ ಬಂದ್ರೆ ಕೊಡಗಟ್ಟಲೆ ಸುರೀತೀನಿ.”

“ಹಿತ್ಲಲ್ಲೂ ಅದೇ ಆಗಿದ್ದು ಅತ್ತೆ. ನನ್ನ ಹೊರಗೆ ಕೂರ್ಸಿದಾಗ ಗಿಡಕ್ಕೆ ತೊಟ್ಟು ನೀರಿಲ್ಲ. ಆಮೇಲೆ ನಾನು ಬಂದು ಮುಳುಗ್ಸಿಬುಡ್ತೀನಿ. ಕಾಯಿ ತಡ್ಕೊತದಾ? ಕೊಳೆಸಿದ್ದು ನನ್ನ ಮೈಲಿಗೆ ಅಲ್ಲ, ನಿಮ್ಮ ಮಡಿ!”

ಸುವರ್ಣಮ್ಮ ಕಪ್ಪಾದ ಕಾಯಿಗಳನ್ನು ಮಡಿಲಿಗೆ ಕಿತ್ತುಕೊಂಡು, ತಳ ಕೊಯ್ದೆಸೆದು, ಮಿಕ್ಕದ್ದನ್ನು ಗೊಜ್ಜು ಮಾಡಿದರು. ಸಂಜೆ ಬುಡದ ತೇವ ಆರದಂತೆ ತೆಂಗಿನ ಸೋಗೆ ಹೊದಿಸಿದರು.

ಮುಂದಿನ ತಿಂಗಳು ಜೀವಿತಾ ಜಗಲಿಯ ಮೂಲೆಯಲ್ಲಿ ಚಾಪೆ ಹಾಸುತ್ತಿದ್ದಾಗ ಅತ್ತೆ ಕೊಡ ತಂದು ಮುಂದೆ ಕುಕ್ಕಿದರು.

“ಗಿಡಕ್ಕೆ ನೀರು ಯಾರು ಹುಯ್ತಾರೆ?”

“ಹೊರಗಾಗಿದೀನಿ ಅತ್ತೆ.”

ಪಕ್ಕದ ಮನೆಯ ಕೆಂಪಕ್ಕ ಕತ್ತು ನೀಡಿದಳು. ಅವಳಿಗೂ ಕೇಳಲೆಂದೇ ಸುವರ್ಣಮ್ಮ ದನಿ ಏರಿಸಿದರು. “ಗಿಡ ಇರೋದೂ ಹೊರಗೇ ತಾನೇ? ಹೋಗೇ!”

ಜೀವಿತಾ ಕೊಡ ಸೊಂಟಕ್ಕೇರಿಸಿ ಹಿತ್ತಲಿಗೆ ನಡೆದಳು. ನೀರು ಹುಯ್ದು, ಹಣ್ಣಾದ ಒಂದನ್ನು ಕಿತ್ತು ತಿರುವಿದಳು. ತಳವೂ ಕೆಂಪಗೇ ಇತ್ತು. ಅಲ್ಲೇ ಕಚ್ಚಿದಳು, ರಸ ಮೊಣಕೈವರೆಗೂ ಇಳಿಯಿತು.